ಬಂಡೆಯಮ್ಮ, ಬೇಲಿಯಮ್ಮ ಮತ್ತು ನಮ್ಮ ಮೇಡಂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೆಚ್ಚುಕಡಿಮೆ ಒಂದು ವರ್ಷ ನನ್ನ ಫೋನಿನ ಪರದೆ ಅರಿಶಿನ ಬಣ್ಣದಲ್ಲಿತ್ತು, ಅದು ನನಗೆ ಗೊತ್ತೇ ಇರಲಿಲ್ಲ. ರಾತ್ರಿ ಓದುವವರ ಕಣ್ಣಿಗೆ ಹಿತವಾಗಲೆಂದು ಬೆಳಕನ್ನು ಹಳದಿಗೆ ತಿರುಗಿಸುವ ಗುಂಡಿಯೊಂದು ಫೋನಿನಲ್ಲಿ ಇರುತ್ತದಲ್ಲ, ಅದನ್ನು ಯಾವಾಗಲೋ ಒತ್ತಿ ಮರೆತಿದ್ದೆ. ರಾತ್ರಿ ಓದುವ ಅಭ್ಯಾಸವೇನೂ ನನಗಿಲ್ಲ. ಹಗಲು ಓದುವುದೂ ಇಲ್ಲ. ಆ ವರ್ಷದ ನನ್ನ ಸೆಲ್ಫಿಗಳಲ್ಲೆಲ್ಲ ನಾನು ಚಿನ್ನದಂತೆ ಹೊಳೆಯುತ್ತಿದ್ದೆ. ಹೊಸ ಸೋಪಿನ ಮಹಿಮೆ ಎಂದುಕೊಂಡು ಅದೇ ಸೋಪನ್ನು ಬಾಕ್ಸುಗಟ್ಟಲೆ ತಂದು ಮನೆಯವರಿಗೆಲ್ಲ ಹಂಚಿದೆ. ಮದುವೆ ಬ್ರೋಕರ್ ಕಳಿಸಿದ ಹುಡುಗಿಯರ ಫೋಟೋ ನೋಡಿ, “ಎಲ್ರಿಗೂ ಕಾಮಾಲೆ ಬಂದಂಗೈತಲ್ಲಮ್ಮ” ಎಂದೆ. ಅಮ್ಮ ಬ್ರೋಕರನ್ನೇ ಬದಲಾಯಿಸಿದಳು.

ಇಷ್ಟಕ್ಕೇ ನಿಂತಿದ್ದರೆ ಮರ್ಯಾದೆ ಮನೆಯೊಳಗೇ ಉಳಿಯುತ್ತಿತ್ತು. ಒಂದು ಭಾನುವಾರ ಹೊಳಲ್ಕೆರೆ ಹತ್ತಿರದ ಕಲ್ಲುಗುಡ್ಡಕ್ಕೆ ಒಬ್ಬನೇ ಹೋಗಿ, ದುರ್ಬೀನಿನ ಕಣ್ಣಿಗೆ ಫೋನ್ ಒತ್ತಿ ಹಿಡಿದು, ಒಂದು ಪಿಕಳಾರದ, ಅಂದರೆ ಬುಲ್‌ಬುಲ್ ಹಕ್ಕಿಯ, ಫೋಟೋ ತೆಗೆದೆ. ನಮ್ಮ ಕಾಲೇಜಿನ ಮೇಡಂ ನಿವೃತ್ತಿಯಾಗುವ ದಿನ ಅದಕ್ಕೆ ಕಟ್ಟು ಹಾಕಿಸಿ ಕೊಡಬೇಕೆಂದು ನನ್ನ ಯೋಜನೆ. ಫೋನಿನಲ್ಲಿ ನೋಡಿದರೆ ಗಂಟಲು ಹಳದಿಯೋ ಹಳದಿ. ಹಿಗ್ಗು ತಡೆಯಲಾಗದೆ ಜಿಲ್ಲೆಯ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: “ಹಳದಿ ಕೊರಳಿನ ಪಿಕಳಾರ. ಅನುಮಾನ ಇದ್ದವರು ಕಣ್ಣು ತೋರಿಸಿಕೊಳ್ಳಿ.”

ಹಿರಿಯೂರಿನ ಗೆಳೆಯನೊಬ್ಬ ತಕ್ಷಣ ಉತ್ತರ ಕೊಟ್ಟ. “ಗುರುವೇ, ಇದು ಬಿಳಿ ಹುಬ್ಬಿಂದು. ನಮ್ಮನೆ ಬೇಲಿಯಾಗೆ ದಿನಾ ಕುಂತಿರ್ತೈತೆ. ನೀನು ಯಾವ ಲೋಕದಾಗೆ ಕುಂತು ನೋಡ್ದೆ?” ಆಮೇಲೆ ಗುಂಪಿನಲ್ಲಿ ನಡೆದ ನನ್ನ ಮೆರವಣಿಗೆಯನ್ನು ಇಲ್ಲಿ ಬರೆಯುವುದಿಲ್ಲ. ಅವನೇ ಕೊನೆಗೆ ಕರುಣೆ ತೋರಿ, ಬೇರೆ ಫೋನಿನಲ್ಲಿ ನೋಡು ಎಂದ. ತಮ್ಮನ ಫೋನಿನಲ್ಲಿ ನೋಡಿದೆ. ಹಳದಿ ಇರಲಿಲ್ಲ. ಗುಂಡಿ ಸಿಕ್ಕಿತು.

ನನ್ನ ದಡ್ಡತನ ದೊಡ್ಡ ವಿಷಯವಲ್ಲ, ಅದು ವರ್ಷವಿಡೀ ದಾಸ್ತಾನು ಇರುವ ಸರಕು. ಆದರೆ ಆ ಗುಡ್ಡದಲ್ಲಿ ಹಳದಿ ಕೊರಳಿನ ಪಿಕಳಾರ ಇದೆ ಎಂದು ಹೇಳಿದವನು ನಾನಲ್ಲ. ಹೇಳಿದವರು ಮೇಡಂ. ಅವರ ಹತ್ತಿರ ಇದ್ದದ್ದು ಹಳೇ ಬಟನ್ ಫೋನು. ಅದಕ್ಕೆ ಯಾವ ಬಣ್ಣವೂ ಇರಲಿಲ್ಲ.

ಮೇಡಂ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ನಾನು ಅವರ ವಿದ್ಯಾರ್ಥಿ. ಆಮೇಲೆ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕ, ಅಂದರೆ ಯಾರೂ ಊಟಕ್ಕೆ ಕರೆಯದ ಅತಿಥಿ. ಅವರು ಕುರ್ಚಿಯ ಮೇಲೆ ಕುಳಿತದ್ದನ್ನು ನೋಡಿದವರು ಕಡಿಮೆ. ಟೀ ಕುಡಿಯುವುದು ನಿಂತುಕೊಂಡು, ಉತ್ತರ ಪತ್ರಿಕೆ ತಿದ್ದುವುದು ಕಿಟಕಿಯ ದಂಡೆಗೆ ಒರಗಿಕೊಂಡು. ಎಲ್ಲಿ ಹಕ್ಕಿ ಕೂಗಿತೋ ಅಲ್ಲಿ ಅವರ ಟೀ ಲೋಟ ಬಿಟ್ಟುಹೋಗಿರುತ್ತಿತ್ತು. ಅಟೆಂಡರು ಸಂಜೆ ಲೋಟ ಹುಡುಕಿಕೊಂಡು ಹೊರಟರೆ ಒಂದು ನೀರಿನ ಟ್ಯಾಂಕಿನ ಮೇಲೆ, ಒಂದು ಯಾರದೋ ಬೈಕಿನ ಸೀಟಿನ ಮೇಲೆ, ಒಂದು ಲ್ಯಾಬಿನ ಅಸ್ಥಿಪಂಜರದ ಪಕ್ಕದಲ್ಲಿ ಸಿಗುತ್ತಿತ್ತು.

ಮಾತಾಡುವಾಗ ಅವರ ಕಣ್ಣು ನಮ್ಮ ಮುಖದ ಮೇಲಿರುತ್ತಿರಲಿಲ್ಲ, ಹೆಗಲಿನಾಚೆಯ ಮರದ ಮೇಲಿರುತ್ತಿತ್ತು. ಮರ ಸರಿಯಾಗಿ ಕಾಣದಿದ್ದರೆ ಎದುರಿಗಿದ್ದವರ ತೋಳು ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದರು. ಪ್ರಿನ್ಸಿಪಾಲರನ್ನೂ ಬಿಡುತ್ತಿರಲಿಲ್ಲ. “ಸಾರ್, ಒಂಚೂರು ಈ ಕಡೆ ಬರ್ರಿ” ಎನ್ನುತ್ತ ಎನ್ನುತ್ತ, ಮೀಟಿಂಗ್ ಮುಗಿಯುವ ಹೊತ್ತಿಗೆ ಅವರನ್ನು ಪೂರ್ತಿ ಗೋಡೆಗೆ ಮುಖ ಮಾಡಿ ನಿಲ್ಲಿಸಿರುತ್ತಿದ್ದರು. ಪಾಪ, ಆ ಮನುಷ್ಯ ಗೋಡೆಗೇ ನಮಸ್ಕಾರ ಹೇಳಿ ಹೋಗುತ್ತಿದ್ದರು.

ಜೋಗಿಮಟ್ಟಿಗೆ ನಮ್ಮನ್ನು ಕರೆದುಕೊಂಡು ಹೋದರೆ ನಾವು ಒಂದು ಸಲ ಹತ್ತುವ ದಾರಿಯನ್ನು ಅವರು ಮೂರು ಸಲ ಹತ್ತುತ್ತಿದ್ದರು. ಮುಂದೆ ಓಡಿ ಹಕ್ಕಿ ನೋಡಿ, ಹಿಂದೆ ಬಂದು ನಮ್ಮನ್ನು ಬೈದು, ಮತ್ತೆ ಮುಂದೆ. ಅಲ್ಲೇ ಅವರು ನಮಗೆ ಆ ಇಬ್ಬರನ್ನು ಪರಿಚಯಿಸಿದ್ದು. ಪುಸ್ತಕದಲ್ಲಿ ಹಳದಿ ಕೊರಳಿನ ಪಿಕಳಾರ, ಬಿಳಿ ಹುಬ್ಬಿನ ಪಿಕಳಾರ. ಮೇಡಂ ಬಾಯಲ್ಲಿ ಬಂಡೆಯಮ್ಮ, ಬೇಲಿಯಮ್ಮ.

“ನೋಡ್ರಪ್ಪ, ಇಬ್ರೂ ಒಂದೇ ಮನೆತನ. ಇಬ್ರಿಗೂ ಜುಟ್ಟಿಲ್ಲ, ಇಬ್ರಿಗೂ ಬೆನ್ನು ಎಲೆ ಬಣ್ಣ, ಬಾಲದ ಬುಡ ಹಳದಿ. ದೂರದಿಂದ ನೋಡಿದ್ರೆ ಅವ್ರ ಅವ್ವನೂ ಮೋಸ ಹೋಗ್ತಾಳೆ. ಬಂಡೆಯಮ್ಮಂಗೆ ತಲೆ, ಗಂಟಲು ಹಳದಿ, ಎದೆ ಬೂದಿ. ಬೇಲಿಯಮ್ಮಂಗೆ ಕಣ್ಣಿನ ಮ್ಯಾಲೆ ಬಿಳಿ ಹುಬ್ಬು, ಗಂಟಲು ಮಾಸಲು ಬಿಳಿ. ಬೇಲಿಯಮ್ಮ ಗಿಡದೊಳಗೆ ಬಚ್ಚಿಟ್ಕಂಡು, ಇದ್ದಕ್ಕಿದ್ದಂಗೆ ಕೊಡ ಬೋರಲು ಹಾಕಿದಂಗೆ ಗುಳುಗುಳು ಅಂತಾಳೆ. ಆಯಮ್ಮ ಎಲ್ಲಾದ್ರೂ ಬದುಕ್ತಾಳೆ. ಬಂಡೆಯಮ್ಮ ಹಂಗಲ್ಲ. ದಕ್ಷಿಣದ ಇಂಥ ಕಲ್ಲುಗುಡ್ಡ ಬಿಟ್ರೆ ಲೋಕದಾಗೆ ಇನ್ನೆಲ್ಲೂ ಇಲ್ಲ.”

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನ್ನನ್ನು ಕೇಳಿದ ಪ್ರಶ್ನೆಯೂ ಅದೇ. ಒಬ್ಬಳು ಬಂಡೆಯ ಮೇಲೆ, ಒಬ್ಬಳು ಕೆಳಗೆ ಬೇಲಿಯಲ್ಲಿ ಯಾಕೆ?

“ಅಕ್ಕತಂಗೀರಲ್ವಾ ಮೇಡಂ, ಆಸ್ತಿ ಪಾಲಾಗಿರ್ಬೇಕು” ಎಂದೆ.

ಹೊರಗಿನಿಂದ ಬಂದ ಪರೀಕ್ಷಕರು ಪೆನ್ನು ಕೆಳಗಿಟ್ಟರು. ಮೇಡಂ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: “ಲೇ ಕೋಡಂಗಿ, ಅರ್ಧ ಸರಿ ಹೇಳಿದೀಯ. ಅದೇ ನನ್ಗೆ ಸಂಕಟ.”

ಜಿಲ್ಲೆಯಲ್ಲಿ ಯಾರಿಗೆ ಯಾವ ಹಕ್ಕಿಯ ಅನುಮಾನ ಬಂದರೂ ಮೇಡಂ ಹತ್ತಿರ ಬರುತ್ತಿದ್ದರು. ಫೋಟೋ ಹಿಡಿದು ಬಂದವರಿಗೆಲ್ಲ ಅವರದು ಒಂದೇ ಮಾತು: “ಗಂಟಲು ನೋಡು, ಆಮೇಲೆ ನಿನ್ನ ಗಂಟಲು ತೆಗಿ.” ಅವರು ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ. ಹೌದು ಎನ್ನಲು ಅವರು ವಾರಗಟ್ಟಲೆ ತೆಗೆದುಕೊಂಡದ್ದೂ ಉಂಟು. ಆ ವಾರಗಳಲ್ಲಿ ಅವರ ಜೊತೆ ಇರುವುದು ಒಲೆಯ ಮೇಲೆ ಇರುವ ಹಾಗೆ.

ನಿವೃತ್ತಿ ಹತ್ತಿರ ಬಂದ ಹಾಗೆ ಅವರ ಚಡಪಡಿಕೆ ಇನ್ನೂ ಜಾಸ್ತಿಯಾಯಿತು. “ಜೋಗಿಮಟ್ಟಿಯಾಗೆ ಬಂಡೆಯಮ್ಮನ್ನ ಎಲ್ರೂ ನೋಡ್ಯಾರೆ. ಇಷ್ಟು ವರ್ಷ ತಿರುಗಿ ನಾನೇ ಕಂಡಿದ್ದು ಅನ್ನೋ ಒಂದು ಗುಡ್ಡ ಇಲ್ವಲ್ಲೋ” ಎನ್ನುತ್ತಿದ್ದರು. ರಜೆ ಬಂದರೆ ಸ್ಕೂಟರು, ಹಿಂದೆ ನಾನು. ಹೊಸದುರ್ಗದ ಕಡೆ, ಹಿರಿಯೂರಿನ ಕಡೆ, ಕಲ್ಲು ಕಂಡಲ್ಲೆಲ್ಲ ಬ್ರೇಕು. ಒಂದೊಂದು ಹಕ್ಕಿಯ ಕೂಗಿಗೂ ನನ್ನ ಹಣೆ ಅವರ ಹೆಲ್ಮೆಟ್ಟಿಗೆ ಬಡಿದು, ನನ್ನ ಹಣೆಯ ಮೇಲೊಂದು ಶಾಶ್ವತ ದಿಬ್ಬ ಎದ್ದಿತು.

ಹೊಳಲ್ಕೆರೆ ಹತ್ತಿರದ ಆ ಗುಡ್ಡದಲ್ಲಿ ಒಂದು ಬೆಳಿಗ್ಗೆ, ಬಂಡೆಯ ಪಕ್ಕದ ಕಾರೆ ಗಿಡದಲ್ಲಿ ಒಂದು ಹಕ್ಕಿ ಕೂತಿತು. ಮೇಡಂ ದುರ್ಬೀನು ಎತ್ತಿದರು. ತುಂಬ ಹೊತ್ತು ಇಳಿಸಲಿಲ್ಲ. ಆಮೇಲೆ ಅಲ್ಲೇ ಬಂಡೆಯ ಮೇಲೆ ಕುಳಿತುಬಿಟ್ಟರು. ಅವರು ಕುಳಿತದ್ದು ನೋಡಿ ನನಗೆ ಗಾಬರಿಯಾಗಿ ನೀರಿನ ಬಾಟಲಿ ತೆಗೆದೆ.

“ಬಂಡೆಯಮ್ಮ ಕಣೋ” ಎಂದರು. “ನೋಡು. ಗಂಟಲು ಕಾಣ್ತಾ?”

ನೋಡಿದೆ. ಬಿಸಿಲು ಎದುರಿಗಿತ್ತು. ಕಣ್ಣಿನ ಮೇಲೆ ತೆಳುವಾಗಿ ಒಂದು ಬಿಳಿ ಗೆರೆ ಇದ್ದ ಹಾಗಿತ್ತು. ಆದರೆ ಅವರ ಮುಖದಲ್ಲಿ ಅಂಥ ನಗುವನ್ನು ನಾನು ಯಾವತ್ತೂ ನೋಡಿರಲಿಲ್ಲ.

“ಕಾಣ್ತು ಮೇಡಂ.”

“ಹಳದಿ?”

“ಹಳದಿ.”

ಅವತ್ತೇ ಗುಡ್ಡದ ಕೆಳಗಿನ ಹಳ್ಳಿಯಲ್ಲಿ ಸುದ್ದಿಯಾಯಿತು. ಬಸ್ ಸ್ಟಾಪಿನ ಪಕ್ಕ ಚಿಕ್ಕ ಅಂಗಡಿ ಇಟ್ಟಿರುವ ಗೌರಮ್ಮನಿಗೆ ಮೇಡಂ ಕೈ ಹಿಡಿದು ವಿವರಿಸಿದರು. ಗೌರಮ್ಮನದು ರಂಗೋಲಿಯಲ್ಲಿ ಎತ್ತಿದ ಕೈ. ಆಕೆ ಮತ್ತು ಮಹಿಳಾ ಸಂಘದ ಹೆಂಗಸರು ಸೇರಿ ಶಾಲೆಯ ಕಾಂಪೌಂಡಿನ ಮೇಲೆ ಆಳೆತ್ತರದ ಹಕ್ಕಿ ಬರೆದರು. ತಲೆ, ಗಂಟಲು ಹೊಳೆಯುವ ಹಳದಿ. ಕೆಳಗೆ ‘ನಮ್ಮೂರ ಹಕ್ಕಿ’ ಎಂದು ದಪ್ಪಕ್ಷರ. ಸುತ್ತಲಿನ ಊರುಗಳ ಮೇಷ್ಟ್ರುಗಳು ಮಕ್ಕಳನ್ನು ಕರೆತಂದು ತೋರಿಸಿದರು. ಮೇಡಂ ತಿಂಗಳಿಗೊಮ್ಮೆಯಾದರೂ ಹೋಗಿ ಗುಡ್ಡ ಹತ್ತಿ ಬರುತ್ತಿದ್ದರು. ಪಕ್ಕದಲ್ಲಿ ನಾನು. ಗುಡ್ಡದಲ್ಲಿ ಗುಳುಗುಳು ಕೂಗು ಕೇಳಿದರೆ, “ಅದು ಕೆಳಗಿನ ಬೇಲಿದು” ಎನ್ನುತ್ತಿದ್ದರು. ನಾನೂ ಹೌದು ಮೇಡಂ ಎನ್ನುತ್ತಿದ್ದೆ.

ಹಾಗಾಗಿ, ವಾಟ್ಸಾಪಿನಲ್ಲಿ ಮಾನ ಹೋದ ಮರುದಿನ ನಾನು ಫೋಟೋ ಹಿಡಿದು ಲ್ಯಾಬಿಗೆ ಓಡಿದ್ದು ಒಂದೇ ಆಸೆಯಿಂದ. ಮೇಡಂ ನೋಡಿ, ದಡ್ಡ, ನೀನು ತೆಗೆದಿದ್ದು ಬೇರೆ ಹಕ್ಕಿ, ಬಂಡೆಯಮ್ಮ ಅಲ್ಲೇ ಮೇಲಿರುತ್ತಾಳೆ ಎಂದುಬಿಡಲಿ ಎಂದು. ವಿಭಾಗದ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ನನ್ನ ಕಣ್ಣಿಗೆ ಈಗ ಹುಬ್ಬು ಬಿಳಿಯಾಗಿ ಎದ್ದು ಕಾಣುತ್ತಿತ್ತು.

ಮೇಡಂ ಬಗ್ಗಿ ನೋಡಿದರು. “ಅಬ್ಬ, ಎಷ್ಟು ಚೆಂದ ಬಂದೈತೋ. ಅರಿಶಿನ ಮೆತ್ತಿದಂಗೆ ಐತೆ ಗಂಟಲು.”

ಕಂಪ್ಯೂಟರಿನಲ್ಲೂ ಹಳದಿ ಗುಂಡಿ ಇದೆಯೇನೋ ಎಂದು ಹುಡುಕಿದೆ. ಇರಲಿಲ್ಲ. ನನ್ನ ಬಾಯಿ ಸುಮ್ಮನಿರುವುದಿಲ್ಲ. “ಮೇಡಂ, ನಿಮ್ದೂ ಯಾರೋ ಗುಂಡಿ ಒತ್ಯಾರೆ” ಎಂದುಬಿಟ್ಟೆ, ನಗುತ್ತ. ಹೇಳಿ ಮುಗಿಯುವಷ್ಟರಲ್ಲಿ ನಗು ಹೋಗಿತ್ತು.

ಅವರು ನನ್ನನ್ನು ನೋಡಿದರು, ಪರದೆ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬ ನನ್ನ ಕೈಗಿಟ್ಟರು. ಅದರಲ್ಲಿ ಬಿಳಿಯೂ ತಿಳಿ ಹಳದಿಯೂ ಕಲೆತಿದ್ದವು.

“ಒಂದೊಂದೇ ಕೊಡು. ಯಾವ್ದು ಯಾವ್ದು ಅಂತ ಹೇಳ್ಬ್ಯಾಡ.”

ಕೊಡುತ್ತ ಹೋದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಎರಡು ಗುಡ್ಡೆ ಮಾಡಿದರು. ಎರಡು ಗುಡ್ಡೆಯಲ್ಲೂ ಎರಡೂ ಬಣ್ಣ ಇದ್ದವು. ಮೇಡಂ ಗುಡ್ಡೆ ನೋಡಲಿಲ್ಲ, ನನ್ನ ಮುಖ ನೋಡಿದರು.

“ಎಷ್ಟು ತಪ್ಪು?”

“ಸ್ವಲ್ಪ ಮೇಡಂ.”

“ಸುಳ್ಳು ಹೇಳಿದ್ರೆ ಇಂಟರ್ನಲ್ ಮಾರ್ಕ್ಸ್ ಕಟ್.”

“ನಾನೀಗ ಲೆಕ್ಚರರ್ ಮೇಡಂ.”

“ಅದಕ್ಕೇ ದೇಶ ಹಿಂಗಾಗಿರೋದು. ನಡಿ, ಹೋಗಾಣ.”

“ಎಲ್ಲಿಗೆ?”

“ಕಣ್ಣಿನ ಡಾಕ್ಟ್ರ ಹತ್ರ. ಸ್ಕೂಟ್ರು ನಾನೇ ಬಿಡ್ತೀನಿ.”

ಸೀಮೆಸುಣ್ಣದ ಬಣ್ಣ ಗೊತ್ತಾಗದವರ ಹಿಂದೆ ಕುಳಿತು ದುರ್ಗದ ಪೇಟೆ ದಾಟುವಾಗ ನಾನು ಹರಕೆ ಹೊತ್ತ ದೇವರುಗಳ ಸಾಲ ಇನ್ನೂ ತೀರಿಲ್ಲ. ಡಾಕ್ಟರು ಎರಡೂ ಕಣ್ಣಿಗೆ ದೀಪ ಬಿಟ್ಟು ನೋಡಿ, ಪೊರೆ ಚೆನ್ನಾಗಿ ಬಲಿತಿದೆ, ಬಿಳಿ ಬಣ್ಣವೆಲ್ಲ ಹಳದಿಯಾಗಿಯೇ ಕಾಣುತ್ತಿದ್ದಿರಬೇಕು ಎಂದರು.

“ಇಷ್ಟು ದಿನ ಏನ್ ಮಾಡ್ತಿದ್ರಿ ಮೇಡಂ?”

“ಹಕ್ಕಿ ನೋಡ್ತಿದ್ದೆ” ಎಂದರು ಮೇಡಂ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿಗೆ ಇನ್ನೂ ಕೆಲವು ವಾರ ಕಾಯಬೇಕಿತ್ತು. ನೋಡಲು ಹೋದೆ. ಅವರ ಯಜಮಾನರು ಬಾಗಿಲು ತೆಗೆದರು. ಮನೆಯಲ್ಲಿ ಮೇಡಂ ಓಡಾಡುವುದರಿಂದ ಉಳಿದ ಜಾಗದಲ್ಲಿ ಬದುಕಿದ ಮನುಷ್ಯ ಅವರು.

“ಬಾರಪ್ಪ. ಬಿಳಿ ಶರ್ಟ್ ಹಾಕ್ಕಂಡು ಬಂದೀಯ, ಅನುಭವಿಸು” ಎಂದರು.

ಒಳಗೆ ಮೇಡಂ ಕಪ್ಪು ಕನ್ನಡಕ ಎತ್ತಿ, ಒಂದು ಕಣ್ಣು ಮುಚ್ಚಿ ನನ್ನ ಶರ್ಟ್ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಬೆಳಗ್ಗಿನಿಂದ ಅದೇ ಕೆಲಸವಂತೆ. ಹಾಲು, ಅನ್ನ, ಮಲ್ಲಿಗೆ, ಗೋಡೆ, ಎಲ್ಲವನ್ನೂ ಎರಡೆರಡು ಸಲ.

“ನನ್ನ ಬನಿಯನ್ ಹಳದಿಗಟ್ಟೈತೆ, ನೆಟ್ಟಗೆ ಒಗೆಯಲ್ಲ ಅಂತ ಇಷ್ಟು ದಿನ ಬೈತಿದ್ಲು” ಎಂದರು ಯಜಮಾನರು. “ಈಗ ಒಂದು ಕಣ್ಣು ತಪ್ಪಾತು ಅಂತೈತೆ. ಇನ್ನೊಂದು ಇನ್ನೂ ಬೈತೈತೆ.”

ನಾನು ನಕ್ಕೆ. ಮೇಡಂ ನಗಲಿಲ್ಲ. “ಭಾನುವಾರ ಗುಡ್ಡಕ್ಕೆ ಹೋಗಾಣ” ಎಂದರು. ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದನ್ನು ಯಜಮಾನರು ನೆನಪಿಸಿದರು. ಅದನ್ನು ಅವರು ಗೋಡೆಗೆ ಹೇಳಿದ್ದರೂ ನಡೆಯುತ್ತಿತ್ತು.

ಆ ಸಲ ಸ್ಕೂಟರು ನಾನು ಓಡಿಸಿದೆ. ಹಿಂದೆ ಕುಳಿತವರು ದಾರಿಯುದ್ದಕ್ಕೂ ಒಂದು ಹಕ್ಕಿಗೂ ನಿಲ್ಲಿಸು ಎನ್ನಲಿಲ್ಲ. ಅದೇ ಬಂಡೆ, ಅದೇ ಕಾರೆ ಗಿಡ. ಹಕ್ಕಿ ಬಂತು. ಮೇಡಂ ದುರ್ಬೀನನ್ನು ಬಲಗಣ್ಣಿಗೆ ಇಟ್ಟರು, ಎಡಗಣ್ಣಿಗೆ ಇಟ್ಟರು, ಮತ್ತೆ ಬಲ, ಮತ್ತೆ ಎಡ. ಹಕ್ಕಿ ಹಾರಿ ಹೋಗುವವರೆಗೂ.

“ಎಡಗಣ್ಣಿಗೆ ಬಂಡೆಯಮ್ಮ” ಎಂದರು. “ಬಲಗಣ್ಣಿಗೆ ಬೇಲಿಯಮ್ಮ.”

ಅಷ್ಟರಲ್ಲಿ ಗಿಡದಾಚೆಯಿಂದ ಗುಳುಗುಳು ಎಂದು ಕೊಡ ಬೋರಲು ಬಿತ್ತು. ಮೇಡಂ ತಲೆ ತಗ್ಗಿಸಿದರು.

“ಕಣ್ಣಿಗೆ ಪೊರೆ ಬಂದಿತ್ತು, ಸರಿ. ಕಿವಿಗೆ ಏನಾಗಿತ್ತೋ ನನ್ಗೆ?”

ನನಗೆ ತಿಳಿದ ಒಂದೇ ಔಷಧ ತಮಾಷೆ. “ರಿಟೈರ್‌ಮೆಂಟ್ ಆಗ್ಲಿ ಮೇಡಂ. ಆಮೇಲೆ ನಾನೇ ಹೇಳ್ತೀನಿ, ಬಂಡೆಯಮ್ಮಂಗೆ ಬೇರೆ ಜಿಲ್ಲೆಗೆ ಟ್ರಾನ್ಸ್‌ಫರ್ ಆತು ಅಂತ. ಇನ್ನು ಒಂದೇ ತಿಂಗ್ಳು. ಯಾರು ಬಂದು ಗಂಟಲು ನೋಡ್ತಾರೆ?”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ನಾನು ಹೌದು ಅಂದ್ರೆ ಜನ ಹೌದು ಅಂತಾರೆ. ಇಷ್ಟು ವರ್ಷ ದುಡಿದು ನಾನು ಗಳಿಸಿದ್ದು ಅದೊಂದೇ ಕಣೋ. ಇದೊಂದು ಸುಳ್ಳು ಉಳಿಸಿ ಹೋದ್ರೆ, ಹಿಂದೆ ಹೇಳಿದ್ದೆಲ್ಲಾನೂ ನಾನೇ ನಂಬಕ್ಕಾಗಲ್ಲ” ಎಂದರು. ಎದ್ದು ಇಳಿಯತೊಡಗಿದರು. ಒಂದು ಕಣ್ಣಿಗೆ ಇಳಿಜಾರು ಸರಿಯಾಗಿ ಸಿಗದೆ ಎರಡು ಸಲ ಎಡವಿದರು. ಕೈ ಕೊಟ್ಟೆ, ಹಿಡಿಯಲಿಲ್ಲ.

ಶಾಲೆಯ ಕಾಂಪೌಂಡಿನ ಮುಂದೆ ನಿಂತು ಗೌರಮ್ಮನನ್ನು ಕರೆಸಿದರು, ಸಂಘದ ಹೆಂಗಸರನ್ನು ಕರೆಸಿದರು, ಹೆಡ್‌ಮಾಸ್ಟರ ಮನೆಗೂ ಹೇಳಿ ಕಳಿಸಿದರು. ನಿಂತಲ್ಲಿ ನಿಲ್ಲಲಾಗದೆ ಆ ಹಕ್ಕಿಯ ಬಾಲದಿಂದ ಕೊಕ್ಕಿನವರೆಗೆ ಅತ್ತಿತ್ತ ನಡೆಯುತ್ತಲೇ ಹೇಳಿದರು.

“ನಾನು ತಪ್ಪು ಹೇಳಿದ್ದೆ ಕಣ್ರಮ್ಮ. ಇದು ಆ ಹಕ್ಕಿ ಅಲ್ಲ. ಇದು ಎಲ್ಲಾ ಕಡೆ ಇರೋ ಹಕ್ಕಿ. ಹಳದಿ ಅಳಿಸ್ಬೇಕು.”

ಹೆಡ್‌ಮಾಸ್ಟರು ಸಂಕೋಚದಿಂದ, “ಇರ್ಲಿ ಬಿಡ್ರಿ ಮೇಡಂ, ಚಿತ್ರ ಚೆನ್ನಾಗೈತೆ” ಎಂದರು.

“ಚೆನ್ನಾಗೈತೆ, ನಿಜ. ಸುಳ್ಳೈತೆ.”

ಯಾರೂ ಏನೂ ಕೇಳಲಿಲ್ಲ. ಗೌರಮ್ಮ ಹೋಗಿ ಸುಣ್ಣದ ಬಕೆಟ್ಟು, ಬೂದು ಬಣ್ಣ, ಬ್ರಷ್ಷು ತಂದಳು. ಗಂಟಲಿನ ಕೆಲಸ ನನಗೆ ಬಿತ್ತು. ಸ್ಟೂಲಿನ ಮೇಲೆ ಹತ್ತಿ, ವೀರಾವೇಶದಲ್ಲಿ ಬ್ರಷ್ಷು ಬೀಸಿ, ಬಕೆಟ್ಟಿನ ಸಮೇತ ಕೆಳಗೆ ಬಂದೆ. ಹಕ್ಕಿಗಿಂತ ನಾನೇ ಬೇಗ ಬಿಳಿಯಾದೆ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮೇಡಂ ಮುಖದಲ್ಲೂ ಅವತ್ತು ಮೊದಲ ಸಲ ನಗು ಬಂತು. ಹುಬ್ಬನ್ನು ಮಾತ್ರ ಅವರು ಯಾರಿಗೂ ಬಿಡಲಿಲ್ಲ. ಎಡಗಣ್ಣು ಮುಚ್ಚಿಕೊಂಡು, ಸಣ್ಣ ಬ್ರಷ್ಷಿನಲ್ಲಿ, ತಾವೇ ಎಳೆದರು.

ವಾಪಸು ಬರುವಾಗ ಗುಂಪಿಗೆ ಹಾಕಲು ನನ್ನ ಕೈಯಲ್ಲೇ ಬರೆಸಿದರು: ಹೊಳಲ್ಕೆರೆ ಗುಡ್ಡದಲ್ಲಿರುವುದು ಬಿಳಿ ಹುಬ್ಬಿನ ಪಿಕಳಾರ, ಹಳದಿ ಕೊರಳಿನದಲ್ಲ, ತಪ್ಪು ನನ್ನದು. ಪೊರೆಯ ವಿಷಯವನ್ನೂ ಸೇರಿಸುತ್ತೇನೆ ಎಂದೆ.

“ಬ್ಯಾಡ. ಪೊರೆ ಬಂದಿದ್ದು ನನ್ನ ತಪ್ಪಲ್ಲ. ಆಸೆ ಪಟ್ಟು ನೋಡಿದ್ದು ನನ್ನ ತಪ್ಪು. ಎರಡನ್ನೂ ಕಲಸ್ಬ್ಯಾಡ.”

ನನ್ನ ಮೆರವಣಿಗೆ ಮಾಡಿದ ಗುಂಪಿಗೆ ಅವತ್ತು ಹಿರಿಯೂರಿನ ಗೆಳೆಯ ಕೈಮುಗಿದ ಚಿತ್ರವೊಂದನ್ನು ಹಾಕಿದ.

ಬೀಳ್ಕೊಡುಗೆಯ ದಿನ ಹಾರ, ಶಾಲು, ಭಾಷಣ ಎಲ್ಲ ಆಯಿತು. ಅಲಂಕಾರ ಮಾಡಿದ ಕುರ್ಚಿ ಖಾಲಿಯೇ ಇತ್ತು, ಮೇಡಂ ಅದರ ಪಕ್ಕ ನಿಂತಿದ್ದರು. ಪ್ರಿನ್ಸಿಪಾಲರು ಮಾತಾಡುತ್ತ ಮಾತಾಡುತ್ತ ತಾವಾಗಿಯೇ ಪಕ್ಕಕ್ಕೆ ಸರಿದು, ಮರಕ್ಕೆ ದಾರಿ ಬಿಟ್ಟರು. ಈಗ ಮೇಡಂ ಶ್ರೀರಾಂಪುರದ ಕಡೆ ತಮ್ಮ ಊರಿನಲ್ಲಿದ್ದಾರೆ. ಎಡಗಣ್ಣಿನದೂ ಆಗಿದೆ. ಫೋನ್ ಮಾಡಿದರೆ ಯಜಮಾನರು ಎತ್ತುತ್ತಾರೆ, “ಈಗ ಇಲ್ಲೇ ಇದ್ಲು” ಎನ್ನುತ್ತಾರೆ.

ಮೊನ್ನೆ ಹೊಳಲ್ಕೆರೆಗೆ ಹೋದವನು ಆ ಹಳ್ಳಿಯಲ್ಲಿ ಇಳಿದೆ. ಬಿಳಿ ಹುಬ್ಬಿನ ಹಕ್ಕಿ ಗೋಡೆಯ ಮೇಲೆ ಚೆನ್ನಾಗಿತ್ತು. ‘ನಮ್ಮೂರ ಹಕ್ಕಿ’ ಎಂಬುದನ್ನು ಯಾರೂ ಅಳಿಸಿರಲಿಲ್ಲ. ಗೌರಮ್ಮ ಟೀ ಕೊಟ್ಟಳು. ಮೇಡಂ ಕಣ್ಣಿನ ಕಥೆಯನ್ನು ಹಳದಿ ಅಳಿಸಿದ ದಿನ ಹಳ್ಳಿಯವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಆಕೆ ಕೇಳಿ, ಸ್ವಲ್ಪ ಹೊತ್ತು ಸ್ಟೌವಿನ ಉರಿ ಏರಿಸಿ ಇಳಿಸಿ ಮಾಡಿದಳು.

“ಅಯ್ಯೋ ಶಿವನೆ, ಕಣ್ಣೇ ಕಾಣ್ತಿರ್ಲಿಲ್ವಾ. ನಮ್ಗೆ ಮೊದ್ಲಿಂದ್ಲೂ ಹುಬ್ಬು ಬಿಳೀನೇ ಕಾಣ್ತಿತ್ತಪ್ಪ. ಅಂಗ್ಡಿ ಹಿಂದ್ಲ ಬೇಲಿಯಾಗೇ ಕುಂತ್ಕಂತೈತೆ. ಮೇಡಮ್ಮೋರು ಅಷ್ಟು ಖುಷಿಯಾಗಿ ಹಳದಿ ಅಂದ್ರು. ಓದಿದೋರು, ನಮ್ಗೆ ಕಾಣ್ದೇ ಇರೋದು ಅವ್ರಿಗೆ ಕಾಣ್ತೈತೇನೋ ಅಂದ್ಕಂಡು ಹಳದಿ ಡಬ್ಬ ತರ್ಸಿದ್ವಿ.”

“ಒಂದ್ ಮಾತು ಹೇಳ್ಬೋದಿತ್ತಲ್ಲಕ್ಕ” ಎಂದೆ.

“ನಾವೆಂಗೆ ಹೇಳಾಣ. ನೀನು ಯಾವಾಗ್ಲೂ ಪಕ್ಕದಾಗೇ ಇರ್ತಿದ್ದೆ. ನಿನ್ಗೆ ಬಿಳಿ ಕಾಣ್ತಿರ್ಲಿಲ್ವಾ?”

ಹೇಳಲು ಒಂದು ತಮಾಷೆ ಹುಡುಕಿದೆ. ಸಿಗಲಿಲ್ಲ. “ಕಾಣ್ತಿತ್ತಕ್ಕ.”

ಗೌರಮ್ಮ ನನ್ನ ಕೈಯಿಂದ ಖಾಲಿ ಲೋಟ ತಗೊಂಡಳು.

“ಹಂಗಾದ್ರೆ ಎಲ್ರಿಗೂ ಕಾಣ್ತಿತ್ತು. ಮೇಡಮ್ಮೋರೊಬ್ರಿಗೇ ಕಾಣ್ದೇ ಇದ್ದಿದ್ದು” ಎಂದಳು.